ನಾಯಿ ಬರುವ ಮೊದಲೇ ಊರು ಬಂದಿತ್ತು

ಬ್ಯಾಡಗಿಯ ಓದುಗರೊಬ್ಬರು ಬರೆದಿದ್ದಾರೆ: ಅವರ ಓಣಿಯಲ್ಲಿ ಮನೆಗಳವಾದ ಮರುದಿನ ಶ್ವಾನದಳ ಬಂತು, ನಾಯಿ ನೆಲ ಮೂಸುತ್ತ ಬಸ್ ನಿಲ್ದಾಣದವರೆಗೆ ಹೋಗಿ ನಿಂತಿತು, ಅಷ್ಟಕ್ಕೇ ಎಲ್ಲ ಮುಗಿಯಿತು. ಶ್ವಾನದಳಕ್ಕೆ ಖರ್ಚು ಮಾಡುವ ಹಣದಲ್ಲಿ ಓಣಿಗೊಂದು ಕ್ಯಾಮೆರಾ ಹಾಕಿಸಬಾರದೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಕ್ಯಾಮೆರಾ ಬೇಡವೆಂದು ನಾನು ಹೇಳಲಾರೆ. ನಾಯಿ ಹಿಡಿದ ಜಾಡೊಂದನ್ನೇ ನಂಬಿ ಯಾರನ್ನೂ ಶಿಕ್ಷಿಸಲಾಗದೆಂಬುದೂ ನಿಜ. 1969ರಲ್ಲಿಯೇ ಸುಪ್ರೀಂ ಕೋರ್ಟ್ ಅಂಥ ಸಾಕ್ಷ್ಯಕ್ಕೆ ಹೆಚ್ಚಿನ ತೂಕ ಕೊಡಲು ಒಪ್ಪಲಿಲ್ಲ. ಆದರೆ ನಿಮ್ಮ ಪತ್ರದ ಒಂದು ಸಾಲನ್ನು ನೀವೇ ಮತ್ತೊಮ್ಮೆ ಓದಬೇಕು. ಕಳ್ಳರು ಹೋಗುವಾಗ ಪಡಸಾಲೆಯ ತುಂಬ ಖಾರದ ಪುಡಿ ಚೆಲ್ಲಿದ್ದರೆಂದು ಬರೆದಿದ್ದೀರಿ. ನಾಯಿಯ ಮೂಗಿನ ಮೇಲೆ ನಿಮಗಿಲ್ಲದ ನಂಬಿಕೆ ಅವರಿಗಿತ್ತು.

ಕೆಲವು ವರ್ಷಗಳ ಹಿಂದೆ ಬೆಟಗೇರಿಯಲ್ಲಿ ಪರಿಚಯದ ನೇಕಾರರೊಬ್ಬರ ಮನೆ ಕಳವಾದಾಗ ನಾನು ಅಲ್ಲಿದ್ದೆ. ನಾಯಿ ಬರುವಷ್ಟರಲ್ಲಿ ಸಮಾಧಾನ ಹೇಳಲು ಬಂದವರು ಒಳಗೆಲ್ಲ ಕುಳಿತಿದ್ದರು. ನೆರೆಮನೆಯ ತಾಯಿಯೊಬ್ಬರು ಕನಿಕರದಿಂದ ಚೆಲ್ಲಾಪಿಲ್ಲಿಯಾಗಿದ್ದ ಸೀರೆಗಳನ್ನು ಮಡಚಿ ಟ್ರಂಕಿಗಿಟ್ಟು, ನೆಲ ಒರೆಸಿ, ಅಂಗಳಕ್ಕೆ ನೀರು ಹೊಡೆದಿದ್ದರು. ‘ಕಳ್ಳ ಮುಟ್ಟಿ ಬಿಟ್ಟು ಹೋಗಿದ್ದು ಏನರ ಐತೇನ್ರಿ?’ ಎಂದು ನಾಯಿಯನ್ನು ಹಿಡಿದಿದ್ದ ಪೇದೆ ಕೇಳಿದಾಗ ಯಾರ ಬಳಿಯೂ ಉತ್ತರವಿರಲಿಲ್ಲ. ಮುರಿದ ಬೀಗವೊಂದು ಸಿಕ್ಕಿತು. ಅದೂ ಹತ್ತು ಕೈ ದಾಟಿತ್ತು. ನಾಯಿ ಅದನ್ನು ಮೂಸಿ ಹೊಸ್ತಿಲಲ್ಲಿ ಎರಡು ಸುತ್ತು ಹಾಕಿ, ಮುಖವೆತ್ತಿ ಆತನನ್ನೇ ನೋಡಿತು. ಆತ ಹಗ್ಗ ಜಗ್ಗಲಿಲ್ಲ, ಗದರಲಿಲ್ಲ. ಬೇವಿನ ನೆರಳಿಗೆ ಕರೆದೊಯ್ದು ತನ್ನ ಊಟದ ಡಬ್ಬಿಯ ಮುಚ್ಚಳದಲ್ಲಿ ನೀರು ಹಾಕಿ, ಅದು ಕುಡಿದು ಮುಗಿಸುವವರೆಗೂ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಹೊರಗೆ ನಿಂತವರು ‘ನಾಯಿ ಸುಮ್ನ ಬಂದಿತ್ತು’ ಎಂದು ಮಾತಾಡಿಕೊಂಡರು.

ವಾಸನೆಯ ಜಾಡು ಬಿಸಿಲಿಗೆ, ಗಾಳಿಗೆ ಕರಗುತ್ತದೆ. ಅದಕ್ಕಿಂತ ಬೇಗ ನಮ್ಮ ಕಾಲ ಕೆಳಗೆ ಅಳಿಯುತ್ತದೆ. ಜಾಡು ಉಳಿದಲ್ಲಿ ನಾಯಿ ಏನು ಮಾಡಬಲ್ಲದೆಂಬುದಕ್ಕೆ ದೂರ ಹೋಗಬೇಕಿಲ್ಲ. 2020ರಲ್ಲಿ ಪಕ್ಕದ ದಾವಣಗೆರೆಯ ಪೊಲೀಸ್ ನಾಯಿ ತುಂಗಾ, ಕೊಲೆಯೊಂದರ ಜಾಡು ಹಿಡಿದು 10 ಕಿಲೋಮೀಟರಿಗೂ ಹೆಚ್ಚು ಓಡಿ ಆರೋಪಿಯ ಸುಳಿವು ಕೊಟ್ಟಿತು. ಅದರ ಹಿಂದೆ ಅಷ್ಟೇ ದೂರ ಓಡಿದ ಮನುಷ್ಯನೂ ಇದ್ದನಲ್ಲವೇ? ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಹಬ್ಬವೆನ್ನದೆ ಬೆಳಗಾಗೆದ್ದು ನಾಯಿಯ ಮೈ ಉಜ್ಜಿ, ಊಟ ಹಾಕಿ, ಅಭ್ಯಾಸ ಮಾಡಿಸುವವನ ಹೆಸರನ್ನು ನಮ್ಮ ಪತ್ರಿಕೆಗಳು ಬರೆಯುವುದೇ ಅಪರೂಪ. ‘ಶ್ವಾನದಳ ಹಾಗೂ ಬೆರಳಚ್ಚು ತಜ್ಞರು ಭೇಟಿ ನೀಡಿ ಪರಿಶೀಲಿಸಿದರು’ ಎಂಬ ಒಂದೇ ಸಾಲಿನಲ್ಲಿ ಆತನ ದಿನವೆಲ್ಲ ಮುಗಿದುಹೋಗುತ್ತದೆ. ಈ ಅನ್ಯಾಯ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

ಇನ್ನು ನಿಮ್ಮ ಬಸ್ ನಿಲ್ದಾಣದ ಮಾತು. ಕಳ್ಳನ ಕಾಲು ನೆಲ ಬಿಟ್ಟು ವಾಹನ ಹತ್ತಿದಲ್ಲಿ ಜಾಡು ಸಾಮಾನ್ಯವಾಗಿ ನಿಲ್ಲುತ್ತದೆ. ನಾಯಿಯೂ ಅಲ್ಲೇ ನಿಲ್ಲುತ್ತದೆ. ಹಾಗಿದ್ದರೆ ಯಾವ ಕ್ಯಾಮೆರಾ ನೋಡಬೇಕೆಂಬುದನ್ನು ಅದು ತೋರಿಸಿಯೇ ಹೋಗಿರಬಹುದು. ಆ ರಾತ್ರಿಯ ನಿಲ್ದಾಣದ ದೃಶ್ಯಗಳನ್ನು ಯಾರಾದರೂ ನೋಡಿದರೇ ಎಂದು ಠಾಣೆಯಲ್ಲಿ ವಿಚಾರಿಸಿ, ನನಗೆ ಬರೆಯಿರಿ. ನಾಯಿಯನ್ನು ಕರೆತಂದವರ ಹೆಸರನ್ನೂ ಕೇಳಿಕೊಂಡು ಬನ್ನಿರಿ.