ಮಾನಸಿಕ ಕಾಯಿಲೆ ಎಂದು ಸೇನೆಯಿಂದ ಮನೆಗೆ ಕಳಿಸಿದರೆ ಮೇಲ್ಮನವಿ ಹಾಕಬಹುದೇ?

ಬದಿಯಡ್ಕದ ನಿಮ್ಮ ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂದು ಬರೆದು, ಅಂಗವಿಕಲ ಪಿಂಚಣಿಯೂ ಇಲ್ಲದೆ ಕಳಿಸಿದ್ದಾರೆ ಅಂದಿರಿ. ಖಂಡಿತ ಹಾಕಬಹುದು.

ಮೊದಲು ಮೆಡಿಕಲ್ ಬೋರ್ಡ್ (ಅವನನ್ನು ಪರೀಕ್ಷಿಸಿದ ಸೇನಾ ವೈದ್ಯರ ಮಂಡಳಿ) ವರದಿಯ ಪ್ರತಿ ತರಿಸಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ (ಆರ್‌ಟಿಐ) ಅರ್ಜಿ ಹಾಕಿ. 'ಸೇವೆಯಿಂದ ಬಂದದ್ದಲ್ಲ' ಎಂಬ ಸಾಲಿನ ಪಕ್ಕ ಕಾರಣ ಬರೆದಿದ್ದಾರಾ ನೋಡಿ. ಎಷ್ಟೋ ವರದಿಗಳಲ್ಲಿ ಅಲ್ಲಿ ಸುಮ್ನೆ ಒಂದು ಸಾಲು ಗೀಚಿರುತ್ತಾರೆ ಅಷ್ಟೇ. ನಿಮ್ಮ ಕೇಸಿನ ಜೀವ ಇರುವುದೇ ಅಲ್ಲಿ. ಸೇರುವಾಗ ದಾಖಲೆಯಲ್ಲಿ ಕಾಯಿಲೆ ಕಾಣಿಸದಿದ್ದರೆ ಆತ ಆರೋಗ್ಯವಾಗಿದ್ದ ಎಂದೇ ಲೆಕ್ಕ, ಬೇರೆ ಎಂದು ತೋರಿಸುವ ಹೊಣೆ ಸೇನೆಯದ್ದು. ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ (2013) ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. 2025ರಲ್ಲಿ ಸ್ಕಿಜೋಫ್ರೇನಿಯಾದ ಪ್ರಕರಣದಲ್ಲೇ, ಕಾರಣ ಕೊಡದ ಬೋರ್ಡ್ ಅಭಿಪ್ರಾಯವನ್ನು ಕೋರ್ಟ್ ಒಪ್ಪಲಿಲ್ಲ.

ಪಿಂಚಣಿ ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ (ಸೈನಿಕರ ಸೇವಾ ತಕರಾರು ಕೇಳುವ ನ್ಯಾಯಾಲಯ) ಹೋಗಿ. ಬದಿಯಡ್ಕ ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಅಲ್ವಾ? ಹಾಗಾಗಿ ಅದರ ಕೊಚ್ಚಿ ಪೀಠಕ್ಕೆ ಹೋಗಬಹುದು. ತಡವಾಗಿದ್ದರೆ ಸರಿಯಾದ ಕಾರಣ ಕೊಟ್ಟು ವಿನಾಯಿತಿ ಕೇಳಬಹುದು. ಅರ್ಜಿ ಬರೆಯುವ ಮುಂಚೆ ಕಾಸರಗೋಡಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಚಿಕಿತ್ಸೆ ಮಾತ್ರ ನಿಲ್ಲಿಸಬೇಡಿ, ಅದರ ಚೀಟಿಗಳನ್ನೂ ಎತ್ತಿಡಿ.