ಪ್ರತಿ: ಹಾರ್ನ್ ಹೊಡೆದರೆ ಸೈಕಲ್ ಅಂಚಿಗೆ ಸರಿಯಬೇಕಾ?

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಹಿಂದಿನ ಕಾರಿನವರು ಹಾರ್ನ್ ಹೊಡೆದಾಗಲೆಲ್ಲ ಪೂರ್ತಿ ಅಂಚಿಗೆ ಸರಿಯಬೇಕಾ ಅಂತ ಕೇಳಿದ್ದೀರಿ. ಬೇಡವೇ ಬೇಡ. ಅಂಚಿನಲ್ಲಿ ಇರೋದು ಮಣ್ಣು, ಗಾಜಿನ ಚೂರು, ಚರಂಡಿಯ ಜಾಲರಿ. ಜಾಲರಿಯ ಕಂಬಿ ರಸ್ತೆಯ ಉದ್ದಕ್ಕೇ ಇದ್ದರೆ ತೆಳು ಟೈರು ಸೀದಾ ಒಳಗೆ! ಅದನ್ನು ತಪ್ಪಿಸೋಕೆ ನೀವು ತಟ್ಟನೆ ಬಲಕ್ಕೆ ಎಳೆದರೆ ಹಿಂದಿನವರಿಗೆ ಬ್ರೇಕ್ ಹಾಕಲೂ ಸಮಯ ಇರಲ್ಲ. ಅಂಚಿನಿಂದ ಒಂದು ಮೀಟರ್ ಬಿಟ್ಟು ನೇರವಾಗಿ ಓಡಿಸಿ, ಬೈದುಕೊಳ್ಳುವವರು ಬೈದುಕೊಳ್ಳಲಿ. ಸ್ಟಾಪಿನಲ್ಲಿ ನಿಂತ ಬಿಎಂಟಿಸಿ ಬಸ್ಸಿನ ಎಡಕ್ಕೆ ಮಾತ್ರ ನುಗ್ಗಬೇಡಿ, ಜನ ನಿಮ್ಮ ಮೇಲೇ ಇಳೀತಾರೆ. 2020ರಲ್ಲಿ ಇದೇ ರಸ್ತೆಯಲ್ಲಿ ಸೈಕಲ್ ಪಥ ಅಂತ ಕಂಬ ನೆಟ್ಟಿದ್ದರು. ಅದರೊಳಗೂ ಬೈಕುಗಳು ನುಗ್ಗುತ್ತಿದ್ದವು, ಬಿಡಿ. ಕತ್ತಲಾದ ಮೇಲೆ ಹಿಂದೆ ಕೆಂಪು ದೀಪ ಇರಲಿ.