ಮುದಿ ನಾಯಿ ಚಾವಡಿಯಲ್ಲಿ ಉಚ್ಚೆ ಹೊಯ್ದರೆ

13 ವರ್ಷದ ಹೆಣ್ಣುನಾಯಿ ರಾತ್ರಿ ಚಾವಡಿಯಲ್ಲೇ ಹೊಯ್ಯುತ್ತದೆ, ಸಂಜೆ ನೀರು ನಿಲ್ಲಿಸಲೇ ಎಂದು ಬದಿಯಡ್ಕದಿಂದ ಕೇಳಿದ್ದೀರಿ. ದಯವಿಟ್ಟು ಬೇಡ. ಕಿಡ್ನಿ ತೊಂದರೆಯೋ ಸಕ್ಕರೆ ಕಾಯಿಲೆಯೋ ಇದ್ದರೆ ಅದರ ಜೀವಕ್ಕೇ ಅಪಾಯ.

ನಿದ್ದೆಯಲ್ಲೇ ಹಾಸಿದ ಗೋಣಿ ಒದ್ದೆಯಾಗುತ್ತದೋ, ಎದ್ದು ಕುಕ್ಕರಿಸಿ ಹೊಯ್ಯುತ್ತದೋ ನೋಡಿ. ನಿದ್ದೆಯಲ್ಲಾದರೆ ಹೆಚ್ಚಾಗಿ ಮೂತ್ರದ್ವಾರದ ಸ್ನಾಯು ಸಡಿಲಾದದ್ದು. ಸಂತಾನಹರಣ ಮಾಡಿಸಿದ ಹೆಣ್ಣುಗಳಲ್ಲಿ ಇದು ಸಾಮಾನ್ಯ, ಮಾತ್ರೆಗೆ ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆ. ಎದ್ದು ಹೊಯ್ಯುವುದಾದರೆ ಸೋಂಕು, ಮರೆವು, ಗಂಟುನೋವು, ಯಾವುದೂ ಇರಬಹುದು. ಎರಡಕ್ಕೂ ಮೂತ್ರ ಪರೀಕ್ಷೆ ಮೊದಲು: ಬೆಳಗ್ಗಿನದನ್ನು ತೊಳೆದು ಒಣಗಿಸಿದ ಸೌಟಿನಲ್ಲಿ ಹಿಡಿದು, ಶುದ್ಧ ಬಾಟಲಿಯಲ್ಲಿ ಆದಷ್ಟು ಬೇಗ ಮೃಗಾಸ್ಪತ್ರೆಗೆ ತಲುಪಿಸಿ.

ನುಣುಪು ಕಾವಿ ನೆಲದಲ್ಲಿ ಹಿಂಗಾಲು ಜಾರಿ, ಏಳಲು ಹೆದರಿ ಅಲ್ಲೇ ಹೊಯ್ಯುವುದೂ ಉಂಟು. ಬಾಗಿಲವರೆಗೆ ರಬ್ಬರ್ ಮ್ಯಾಟ್ ಹಾಸಿ. ಮಳೆಗೆ ಅಂಗಳಕ್ಕೆ ಇಳಿಯದಿದ್ದರೆ ಮಲಗುವ ಮುಂಚೆ ಅಡಿಕೆ ಶೆಡ್ಡಿನ ಮಾಡಿನಡಿಗೆ ಕರೆದೊಯ್ಯಿರಿ.